ಧಾನ್ಯದ ಕೊಳೆ ಭಟ್ಟಿಯಲ್ಲಿ ತಳ ಹಿಡಿಯುತ್ತಿದೆ, ಏನು ಮಾಡಲಿ?

ನೀವು ನ್ಯೂಜಿಲೆಂಡಿನ ಹ್ಯಾಮಿಲ್ಟನ್‌ನಲ್ಲಿ ಮೆಕ್ಕೆಜೋಳ, ಬಾರ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಹಾಕಿ ಹುಳಿ ಬರಿಸಿದ ಗಂಜಿಯನ್ನು, ಅಂದರೆ ಕೊಳೆಯನ್ನು, 25 ಲೀಟರಿನ ಕರೆಂಟ್ ಬಾಯ್ಲರ್‌ನಲ್ಲಿ ಭಟ್ಟಿ ಇಳಿಸುತ್ತೀರಿ. ಸ್ಪಿರಿಟ್ ಸೀದ ವಾಸನೆ ಹೊಡೆಯುತ್ತಿದೆ, ಇನ್ನೊಮ್ಮೆ ಇಳಿಸಿದರೆ ಹೋಗುತ್ತಾ ಅಂತ ಕೇಳಿದ್ದೀರಿ. ಹೋಗುವುದಿಲ್ಲ. ಆ ವಾಸನೆ ಆವಿಯ ಜೊತೆಗೇ ಮೇಲೇರುತ್ತದೆ. ಇದ್ದಿಲಿನಲ್ಲಿ ಸೋಸಿದರೆ ಸ್ವಲ್ಪ ತಗ್ಗಬಹುದು, ಆದರೆ ಧಾನ್ಯದ ಒಳ್ಳೆಯ ಪರಿಮಳವೂ ಹೋಗಿಬಿಡುತ್ತದೆ. ಹಾಗಾಗಿ ಏನು ಮಾಡಿದರೂ ಕೊಳೆ ಬಾಯ್ಲರ್‌ಗೆ ಬೀಳುವ ಮೊದಲೇ ಮಾಡಬೇಕು.

ನಾನು ಆಕ್ಲೆಂಡ್‌ನಲ್ಲಿದ್ದೇನೆ, ನನ್ನದೂ ಇದೇ ಹವ್ಯಾಸ. ಎಲ್ಲರೂ ಮೊದಲು ಬಟ್ಟೆಯಲ್ಲಿ ಸೋಸಿ ಅನ್ನುತ್ತಾರೆ. ಸೋಸಲೇಬೇಕು. ಆದರೆ ನಾನು ಮೊದಲು ನೋಡುವುದು ಪಿಷ್ಟ ಪೂರ್ತಿ ಸಕ್ಕರೆಯಾಗಿದೆಯಾ ಅಂತ. ಉಳಿದ ಪಿಷ್ಟ ಬಟ್ಟೆಯಲ್ಲಿ ನಿಲ್ಲುವುದಿಲ್ಲ. ತಿಳಿಯ ಜೊತೆ ಇಳಿದು, ಬಿಸಿ ತಾಗಿದಾಗ ಅಂಟಾಗಿ ಬಾಯ್ಲರ್ ಕಾಯಿಸುವ ಕಾಯಿಲ್‌ಗೆ ಮೆತ್ತಿಕೊಳ್ಳುತ್ತದೆ. ಮೆಕ್ಕೆಜೋಳವನ್ನು ಮೊದಲು ಚೆನ್ನಾಗಿ ಬೇಯಿಸಿ. 65 ಡಿಗ್ರಿ ಆಸುಪಾಸಿಗೆ ಇಳಿದ ಮೇಲೆ ಮಾಲ್ಟ್ ಹಾಕಿ, ಒಂದು ಗಂಟೆಯಾದರೂ ಬಿಸಿ ಆರದಂತೆ ಇಡಿ. ಆಮೇಲೆ ಬಿಳಿ ತಟ್ಟೆಯಲ್ಲಿ ಒಂದು ಚಮಚ ತಿಳಿ ಆರಿಸಿ, ಒಂದು ಹನಿ ಅಯೋಡಿನ್ ಬಿಡಿ. ಕಡುನೀಲಿ ಬಂದರೆ ಪಿಷ್ಟ ಇನ್ನೂ ಇದೆ, ಇನ್ನಷ್ಟು ಹೊತ್ತು ಬಿಡಿ. ಯೀಸ್ಟ್ ಆಮೇಲೆ.

ಹುಳಿ ಬಂದು ಮುಗಿದ ಮೇಲೆ ಬಟ್ಟೆಯಲ್ಲಿ ಹಿಂಡಿ, ತಂಪಾದ ಜಾಗದಲ್ಲಿ ಕೆಲವು ದಿನ ಸುಮ್ನೆ ಬಿಡಿ. ಯೀಸ್ಟ್ ಮತ್ತು ನುಣ್ಣನೆ ಹಿಟ್ಟು ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನಷ್ಟೇ ಪೈಪಿನಿಂದ ಬಸಿದುಕೊಳ್ಳಿ. ಕೊನೆಯ ಒಂದೆರಡು ಲೀಟರ್‌ಗೆ ಆಸೆ ಪಡಬೇಡಿ.

ಕಾಯಿಸುವಾಗ ಅಪಾಯ ಜಾಸ್ತಿ ಇರುವುದು ಕುದಿ ಬರುವ ಮೊದಲು. ಕುದಿ ಹತ್ತಿದ ಮೇಲೆ ಕೊಳೆ ತಾನೇ ತಿರುಗಾಡುತ್ತದೆ. ಅಲ್ಲಿಯವರೆಗೆ ಪವರ್ ಕಡಿಮೆ ಇಡಿ. ಹೊಸ ಕಾಯಿಲ್ ಕೊಳ್ಳುವುದಾದರೆ ಉದ್ದವಾಗಿದ್ದು ಮಡಚಿಕೊಂಡಿರುವುದನ್ನು ನೋಡಿ. ಅದೇ ವಾಟ್ ಹೆಚ್ಚು ಜಾಗಕ್ಕೆ ಹರಡುತ್ತದೆ, ಒಂದೇ ಕಡೆ ಸುಡುವುದಿಲ್ಲ. ಮುಚ್ಚಳ ತೆಗೆದು ಕಲಕುವ ಆಸೆ ಬೇಡ, ಆ ಆವಿಗೆ ಬೆಂಕಿ ಹತ್ತುತ್ತದೆ.

ದೊಡ್ಡ ಡಿಸ್ಟಿಲರಿಗಳಿಗೂ ಇದೇ ತಲೆನೋವು. ಸ್ಕಾಟ್ಲೆಂಡಿನ ಗ್ಲೆನ್‌ಫಾರ್ಕ್ಲಾಸ್‌ನಲ್ಲಿ ಇವತ್ತಿಗೂ ಹಂಡೆಯ ಕೆಳಗೆ ನೇರ ಉರಿ. ಅದಕ್ಕೇ ಒಳಗೆ ತಾಮ್ರದ ಸರಪಳಿ ತಿರುಗುತ್ತಾ ತಳ ಉಜ್ಜುತ್ತಿರುತ್ತದೆ. ಅಮೆರಿಕದಲ್ಲಿ ಬೌರ್ಬನ್ (ಮೆಕ್ಕೆಜೋಳದ ವಿಸ್ಕಿ) ಮಾಡುವವರು ಸಾಮಾನ್ಯವಾಗಿ ಸೋಸುವುದೇ ಇಲ್ಲ, ಕಾಳಿನ ಸಮೇತ ಕೊಳೆಯೊಳಗೆ ಹಬೆ ಬಿಡುತ್ತಾರೆ. ಸುಡುವ ತಳವೇ ಇಲ್ಲ ಅಂದ ಮೇಲೆ ಸೀಯುವುದು ಎಲ್ಲಿಂದ, ಅಲ್ವಾ?

ಊರಿನಿಂದ ಓದುತ್ತಿರುವವರಿಗೆ: ನ್ಯೂಜಿಲೆಂಡ್‌ನಲ್ಲಿ 1996ರಿಂದ ಸ್ವಂತ ಬಳಕೆಗೆ ಮನೆಯಲ್ಲಿ ಭಟ್ಟಿ ಇಳಿಸಬಹುದು, ಮಾರುವಂತಿಲ್ಲ. ಕರ್ನಾಟಕದಲ್ಲಿ ಇದು ಅಬಕಾರಿ ಅಪರಾಧ. ದಯವಿಟ್ಟು ಅಲ್ಲಿ ಮಾಡಬೇಡಿ.

ಇನ್ನು ನಿಮ್ಮ ಕಾಯಿಲ್. ಅದರ ಮೇಲೆ ಈಗ ಕಪ್ಪು ಪದರ ಕೂತಿರುತ್ತದೆ. ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ರಾತ್ರಿಯಿಡೀ ನೆನೆಸಿ, ಉಜ್ಜಿ ತೊಳೆಯಿರಿ. ಆ ಕರಕಲು ಉಳಿದರೆ ಮುಂದಿನ ಕೊಳೆ ಎಷ್ಟೇ ತಿಳಿಯಾಗಿದ್ದರೂ ಅಲ್ಲೇ ಹಿಡಿಯುತ್ತದೆ.