ಅಜ್ಜಿಯ ಟ್ರಂಕಿನ ಬಿಳಿ ಡಬ್ಬ

ಅಜ್ಜಿಯ ಟ್ರಂಕಿನಲ್ಲಿ ಬಿಳಿ ಎನಾಮಲ್ ಡಬ್ಬ, ಅದಕ್ಕೊಂದು ರಬ್ಬರ್ ಟ್ಯೂಬು ಸಿಕ್ಕಿದೆ, ಇದನ್ನ ನಿಜವಾಗ್ಲೂ ಮನೇಲಿ ಬಳಸ್ತಿದ್ರಾ ಅಂತ ಕೇಳಿದ್ದೀರಿ. ಹೌದು, ಅದು ಎನಿಮಾ ಡಬ್ಬ, ಅಂದರೆ ಮಲ ಕಟ್ಟಿದಾಗ ಗುದದ್ವಾರದಿಂದ ಕರುಳಿಗೆ ನೀರು ಬಿಟ್ಟು ಹೊಟ್ಟೆ ಖಾಲಿ ಮಾಡಿಸೋ ಸಾಧನ. ನಮ್ಮ ಬಚ್ಚಲಲ್ಲೂ ಮೊಳೆಗೆ ನೇತುಹಾಕಿರುತ್ತಿತ್ತು. ಉಗುರುಬೆಚ್ಚಗಿನ ಸೋಪಿನ ನೀರು ತುಂಬಿ, ಎಡಮಗ್ಗುಲಿಗೆ ಮಲಗಿಸಿ, ಡಬ್ಬ ಮೇಲೆತ್ತಿ ಹಿಡಿಯೋರು. ಆಮೇಲೆ ಓಟವೇ ಓಟ! ಎಳೆಕೂಸಿಗಾದರೆ ಹರಳೆಣ್ಣೆಯಲ್ಲಿ ಅದ್ದಿದ ವೀಳ್ಯದೆಲೆ ತೊಟ್ಟು ಸಾಕಿತ್ತು.

ಡಬ್ಬ ಈಚಿನದು, ಪದ್ಧತಿ ತುಂಬ ಹಳೇದು. ಆಯುರ್ವೇದದಲ್ಲಿ ಇದಕ್ಕೆ ಬಸ್ತಿ ಅಂತಾರೆ. ಬಸ್ತಿ ಅಂದರೆ ಮೂತ್ರಕೋಶ. ಪ್ರಾಣಿಗಳ ಮೂತ್ರಕೋಶವನ್ನೇ ಹದಮಾಡಿ ಚೀಲದಂತೆ ಬಳಸಿ, ಬಾಯಿಗೆ ನಳಿಕೆ ಕಟ್ಟಿ ಹಿಂಡುತ್ತಿದ್ದರು. ಹೆಸರು ಬಂದಿದ್ದೇ ಅಲ್ಲಿಂದ.

ಕರುಳಲ್ಲಿ ಕೊಳೆ ನಿಂತರೆ ಮೈಗೆಲ್ಲ ವಿಷ ಏರುತ್ತೆ ಅನ್ನೋ ಮಾತು 1900ರ ಆಸುಪಾಸಿನಲ್ಲಿ ಯುರೋಪ್, ಅಮೆರಿಕದಲ್ಲಿ ಜೋರಾಗಿತ್ತು. ನಮ್ಮಲ್ಲಿ ಪ್ರಕೃತಿ ಚಿಕಿತ್ಸೆಯವರೂ ಎನಿಮಾವನ್ನು ಮೆಚ್ಚಿಕೊಂಡರು. ಗಾಂಧೀಜಿ ತಾವೂ ತಗೊಳ್ಳುತ್ತಿದ್ದರು, ಬೇರೆಯವರಿಗೂ ಹೇಳುತ್ತಿದ್ದರು. ಆ ವಿಷದ ಮಾತನ್ನ ವೈದ್ಯರು ಆಮೇಲೆ ಕೈಬಿಟ್ಟರು, ಜನ ಬಿಡಲಿಲ್ಲ ಅಷ್ಟೇ.

ಆಸ್ಪತ್ರೆಗಳಲ್ಲೂ ಹೆರಿಗೆಗೆ ಮುಂಚೆ ಎಲ್ಲರಿಗೂ ಕೊಡೋರು, ನಿಮ್ಮ ಅಮ್ಮನನ್ನ ಕೇಳಿ ನೋಡಿ. 1996ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದು ಬೇಡ ಅಂದಿತು.

ಸೋಪಿನ ನೀರು ಕರುಳಿಗೆ ಉರಿ ತರುತ್ತೆ, ಸುಮ್ನೆ ಪ್ರಯೋಗ ಮಾಡೋಕೆ ಹೋಗಬೇಡಿ. ಟ್ಯೂಬು ಬಿಸಾಕಿ. ಡಬ್ಬ ಮಾತ್ರ ಇಟ್ಟುಕೊಳ್ಳಿ, ಚೆನ್ನಾಗಿರುತ್ತೆ.