ಕೈಗೆ ತಾಗಿದ್ದೆಲ್ಲ ಹ್ಯಾಂಡ್‌ಬಾಲ್ ಅಲ್ಲ

ಫುಟ್‌ಬಾಲ್‌ನ ಹ್ಯಾಂಡ್‌ಬಾಲ್ (ಚೆಂಡಿಗೆ ಕೈ ತಾಗಿಸುವ ತಪ್ಪು) ಮತ್ತು ಪೆನಾಲ್ಟಿ ತೀರ್ಪುಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ರೆಫರಿ ತರಬೇತುದಾರರೊಬ್ಬರ ಉತ್ತರ

ಪ್ರಶ್ನೆ: ಯುರೊ 2024ರ ಕ್ವಾರ್ಟರ್ ಫೈನಲ್‌ನಲ್ಲಿ ಜರ್ಮನಿಯ ಮುಸಿಯಾಲ ಹೊಡೆದ ಚೆಂಡು ಸ್ಪೇನ್‌ನ ಕುಕುರೆಲಾ ಕೈಗೆ ಬಡಿಯಿತು. ಪೆನಾಲ್ಟಿ ಇಲ್ಲ. ಅದೇ ಟೂರ್ನಿಯಲ್ಲಿ ಡೆನ್ಮಾರ್ಕ್‌ನ ಆಂಡರ್ಸನ್ ಕೈಯನ್ನು ಚೆಂಡು ಸವರಿಕೊಂಡು ಹೋಗಿದ್ದಕ್ಕೆ ಪೆನಾಲ್ಟಿ ಸಿಕ್ಕಿತು. ಇದ್ಯಾವ ನ್ಯಾಯ ಸರ್?

ಒಂದು ತಮಾಷೆ ನೋಡಿ. ಆಂಡರ್ಸನ್ ಪ್ರಕರಣದಲ್ಲಿ ಪೆನಾಲ್ಟಿ ಸಿಕ್ಕಿದ್ದು ಜರ್ಮನಿಗೇ. ಆರು ದಿನದ ನಂತರ ಅದೇ ಜರ್ಮನಿ ನ್ಯಾಯ ಸಿಗಲಿಲ್ಲ ಎಂದು ಕೂಗಿತು. ಅವತ್ತು ಡೆನ್ಮಾರ್ಕ್ ಅಭಿಮಾನಿಗಳು ಏನು ಅಂದಿರಬಹುದು ಅಂತ ನಾನು ಹೇಳಬೇಕಿಲ್ಲ.

ಇನ್ನು ನಿಯಮಕ್ಕೆ ಬರೋಣ. ಚೆಂಡು ಕೈಗೆ ತಾಗಿದರೆ ತಪ್ಪು ಎಂದು ನಿಯಮ ಎಲ್ಲೂ ಹೇಳುವುದಿಲ್ಲ. ಡಿಫೆಂಡರ್ ವಿಷಯದಲ್ಲಿ ಅದು ಕೇಳುವುದು ಎರಡನ್ನು. ಬೇಕಂತಲೇ ಕೈ ತಾಗಿಸಿದನೇ? ಅಥವಾ ಕೈಯನ್ನು ಸಹಜವಲ್ಲದ ರೀತಿಯಲ್ಲಿ ಚಾಚಿ ಮೈಯನ್ನು ದೊಡ್ಡದು ಮಾಡಿಕೊಂಡಿದ್ದನೇ? ಎರಡನೆಯದಕ್ಕೆ ಉದ್ದೇಶವೇ ಬೇಕಿಲ್ಲ. ಆ ಹೊತ್ತಿಗೆ ಆಟಗಾರ ಏನು ಮಾಡುತ್ತಿದ್ದ, ಓಡುತ್ತಿದ್ದನೋ, ಜಾರುತ್ತಿದ್ದನೋ, ನೆಗೆಯುತ್ತಿದ್ದನೋ, ಆ ಚಲನೆಯಲ್ಲಿ ಕೈ ಅಲ್ಲಿರುವುದು ಸಹಜವೋ ಎಂದಷ್ಟೇ ನೋಡಬೇಕು. ಜಗಳ ಹುಟ್ಟುವುದೇ ಇಲ್ಲಿ. ‘ಸಹಜ’ ಎನ್ನುವುದನ್ನು ಟೇಪ್ ಹಿಡಿದು ಅಳೆಯಲು ಆಗುವುದಿಲ್ಲ, ಅಲ್ವಾ?

ಆಂಡರ್ಸನ್ ಕೈ ಮೈಯಿಂದ ಆಚೆ ಚಾಚಿತ್ತು. ಚೆಂಡಿನೊಳಗಿನ ಸೆನ್ಸರ್ ಸ್ಪರ್ಶವನ್ನು ಹಿಡಿಯಿತು, ಪರದೆಯ ಮೇಲೆ ಗೆರೆ ಮೇಲಕ್ಕೆ ಚಿಮ್ಮಿತು. ಜನ ಅದನ್ನೇ ಪುರಾವೆ ಅಂದುಕೊಂಡರು. ಆದರೆ ಸೆನ್ಸರ್ ಹೇಳಿದ್ದು ‘ತಾಗಿದೆ’ ಎಂದು ಮಾತ್ರ. ‘ತಪ್ಪು’ ಎಂದದ್ದು ರೆಫರಿ. ಕುಕುರೆಲಾ ಕೈ ಕೆಳಗೆ ಇಳಿಬಿದ್ದಿತ್ತು, ಹಿಂದಕ್ಕೆ ಸರಿಯುತ್ತಿತ್ತು. ರೆಫರಿ ಆಂಥನಿ ಟೇಲರ್ ಅದನ್ನು ಸಹಜ ಎಂದು ಓದಿದರು.

ನನ್ನನ್ನು ಕೇಳಿದರೆ ನಾನು ಪೆನಾಲ್ಟಿ ಕೊಡುತ್ತಿದ್ದೆ. ಕೈ ಇಳಿಬಿದ್ದಿದ್ದರೂ ಮೈಗೆ ಅಂಟಿಕೊಂಡಿರಲಿಲ್ಲ. ಪಕ್ಕದಲ್ಲಿ ಜಾಗ ತುಂಬಿಕೊಂಡು ಚೆಂಡಿನ ದಾರಿಯನ್ನೇ ತಡೆಯಿತು. ಟೂರ್ನಿ ಮುಗಿದ ಮೇಲೆ ಯುರೋಪಿನ ರೆಫರಿ ಸಮಿತಿಯೂ ಪೆನಾಲ್ಟಿ ಕೊಡಬೇಕಿತ್ತು ಎಂದಿದ್ದಾಗಿ ಪತ್ರಿಕೆಗಳಲ್ಲಿ ಬಂತು. ಆದರೂ ಟೇಲರ್ ಅವರದ್ದು ಅರ್ಥವೇ ಇಲ್ಲದ ತೀರ್ಪು ಎಂದು ನಾನು ಹೇಳಲಾರೆ.

ಪ್ರಶ್ನೆ: ಹಾಗಾದರೆ ವಿಎಆರ್ (ವಿಡಿಯೊ ನೋಡಿ ರೆಫರಿಗೆ ನೆರವಾಗುವವರು) ಯಾಕೆ ಇರೋದು? ಟಿವಿಯಲ್ಲಿ ನಮಗೆಲ್ಲ ಕಂಡಿದ್ದು ಅವರಿಗೆ ಕಾಣಲ್ವಾ?

ಕಾಣುತ್ತದೆ, ನಿಮಗಿಂತ ಚೆನ್ನಾಗಿಯೇ ಕಾಣುತ್ತದೆ. ಆದರೆ ಅವರಿಗೆ ಕೊಟ್ಟಿರುವ ಪ್ರಶ್ನೆಯೇ ಬೇರೆ. ‘ಈ ತೀರ್ಪು ಸರಿಯೇ?’ ಎಂದು ಅವರು ಕೇಳಿಕೊಳ್ಳುವುದಿಲ್ಲ. ‘ಇದು ಎದ್ದು ಕಾಣುವಷ್ಟು ತಪ್ಪೇ?’ ಎಂದು ಕೇಳಿಕೊಳ್ಳುತ್ತಾರೆ. ಹತ್ತು ರೆಫರಿಗಳಲ್ಲಿ ಆರು ಜನ ಪೆನಾಲ್ಟಿ ಎಂದು, ನಾಲ್ವರು ಅಲ್ಲ ಎನ್ನುವ ಸಂದರ್ಭದಲ್ಲಿ ಮೈದಾನದ ತೀರ್ಪೇ ನಿಲ್ಲಬೇಕು. ಹಾಗಾಗಿ ಒಂದೇ ಥರ ಕಾಣುವ ಎರಡು ಘಟನೆಗಳಲ್ಲಿ ಒಬ್ಬ ರೆಫರಿ ಕೊಟ್ಟಿದ್ದೂ ನಿಲ್ಲುತ್ತದೆ, ಇನ್ನೊಬ್ಬ ಕೊಡದಿದ್ದದ್ದೂ ನಿಲ್ಲುತ್ತದೆ. ನೋಡುವವರಿಗೆ ಮೈ ಉರಿಯುತ್ತದೆ, ನಿಜ.

ವಿಎಆರ್‌ನಿಂದ ಹ್ಯಾಂಡ್‌ಬಾಲ್ ಜಗಳ ಜಾಸ್ತಿಯೇ ಆಯಿತು ಎನ್ನುವವನು ನಾನು. ಕಾರಣ ಸ್ಲೋ ಮೋಷನ್. ನಿಧಾನವಾಗಿ ಓಡಿಸಿದರೆ ಎಲ್ಲ ಕೈಗಳೂ ಕಳ್ಳ ಕೈಗಳಂತೆ ಕಾಣುತ್ತವೆ. ಕೈ ತೆಗೆದುಕೊಳ್ಳಲು ಬೇಕಾದಷ್ಟು ಹೊತ್ತಿತ್ತಲ್ಲ ಅನ್ನಿಸುತ್ತದೆ. ಅದಕ್ಕೇ ವಿಎಆರ್ ನಿಯಮಾವಳಿಯಲ್ಲಿ ಒಂದು ಮಾತು ಬರೆದಿಟ್ಟಿದ್ದಾರೆ. ಚೆಂಡು ಎಲ್ಲಿ ತಾಗಿತು ಎಂದು ತಿಳಿಯಲು ಸ್ಲೋ ಮೋಷನ್ ಬಳಸಿ. ಅದು ತಪ್ಪೋ ಅಲ್ಲವೋ ಎಂದು ತೀರ್ಮಾನಿಸಲು ಮಾಮೂಲಿ ವೇಗದಲ್ಲೇ ನೋಡಿ. ಮನೆಯಲ್ಲಿ ರಿಪ್ಲೇ ನೋಡುವಾಗ ನೀವೂ ಹೀಗೆ ಮಾಡಿ, ಅರ್ಧ ಸಿಟ್ಟು ಇಳಿಯುತ್ತದೆ.

2018ರ ವಿಶ್ವಕಪ್ ಫೈನಲ್ ನೆನಪಿದೆಯಾ? ಕಾರ್ನರ್‌ನಿಂದ ಬಂದ ಚೆಂಡು ಕ್ರೊವೇಷ್ಯಾದ ಪೆರಿಸಿಚ್ ಕೈಗೆ ತಾಗಿತು. ಅರ್ಜೆಂಟೀನಾದ ರೆಫರಿ ನೆಸ್ಟರ್ ಪಿಟಾನ ಪರದೆ ನೋಡಿದರು, ಹೊರಟರು, ಮತ್ತೆ ಹಿಂದಿರುಗಿ ನೋಡಿದರು. ಆಮೇಲೆ ಪೆನಾಲ್ಟಿ. ಗ್ರೀಜ್‌ಮನ್ ಗೋಲು ಹೊಡೆದರು, ಫ್ರಾನ್ಸ್ 2-1ರಿಂದ ಮುಂದೆ ಹೋಯಿತು, ಕೊನೆಗೆ 4-2ರಿಂದ ಗೆದ್ದಿತು. ಎರಡು ಸಲ ನೋಡಬೇಕಾಯಿತು ಅಂದರೆ ಅದು ಎದ್ದು ಕಾಣುವ ತಪ್ಪು ಹೇಗಾಯಿತು ಎಂದು ಕ್ರೊವೇಷ್ಯಾದವರು ಕೇಳಿದರೆ ನನ್ನ ಹತ್ತಿರ ಒಳ್ಳೆಯ ಉತ್ತರವಿಲ್ಲ.

ಇದಕ್ಕಿಂತ ಕೆಟ್ಟದ್ದು 2023ರ ನವೆಂಬರ್‌ನದು. ಚಾಂಪಿಯನ್ಸ್ ಲೀಗ್‌ನಲ್ಲಿ ಫ್ರಾನ್ಸ್‌ನ ಕ್ಲಬ್ ಪಿಎಸ್‌ಜಿ ವಿರುದ್ಧ ಇಂಗ್ಲೆಂಡಿನ ನ್ಯೂಕ್ಯಾಸಲ್ 1-0ರಿಂದ ಮುಂದಿತ್ತು. ಕೊನೆಯ ನಿಮಿಷಗಳು. ಚೆಂಡು ನ್ಯೂಕ್ಯಾಸಲ್‌ನ ಲಿವ್ರಮೆಂಟೊ ಎದೆಗೆ ಬಡಿದು, ಅಲ್ಲಿಂದ ಚಿಮ್ಮಿ ಮೊಣಕೈಗೆ ತಾಗಿತು. ರೆಫರಿ ಮೊದಲು ಕೊಟ್ಟಿರಲಿಲ್ಲ. ಪರದೆ ನೋಡಿದ ಮೇಲೆ ಕೊಟ್ಟರು. ಪಿಎಸ್‌ಜಿಯ ಎಂಬಾಪೆ ಗೋಲು ಹೊಡೆದು 1-1. ಸ್ವಂತ ಮೈಯಿಂದಲೇ ಚಿಮ್ಮಿದ ಚೆಂಡಿನಿಂದ ಯಾರೂ ಕೈ ತಪ್ಪಿಸಿಕೊಳ್ಳಲಾರರು. ಅಂಥದ್ದಕ್ಕೆ ಪೆನಾಲ್ಟಿ ಬೇಡ ಎಂದು ಅದೇ ವರ್ಷ ಯುರೋಪಿನ ಫುಟ್‌ಬಾಲ್ ಒಕ್ಕೂಟವಾದ ಯುಇಎಫ್‌ಎಯ ಸಲಹಾ ಮಂಡಳಿಯೇ ಹೇಳಿತ್ತು. ಮೈದಾನದ ತೀರ್ಪನ್ನು ಸುಮ್ನೆ ಬಿಟ್ಟಿದ್ದರೆ ಸರಿಯಾಗಿಯೇ ಇರುತ್ತಿತ್ತು.

ಪ್ರಶ್ನೆ: ಸ್ಟ್ರೈಕರ್ ಕೈಗೆ ಗೊತ್ತಿಲ್ಲದೆ ತಾಗಿದರೂ ಗೋಲು ರದ್ದಾಗುತ್ತೆ. ಡಿಫೆಂಡರ್‌ಗೆ ಮಾತ್ರ ರಿಯಾಯಿತಿ ಯಾಕೆ?

ಕೈಯಿಂದ ಬಂದ ಗೋಲನ್ನು ಯಾರೂ ಒಪ್ಪುವುದಿಲ್ಲ, ಅದಕ್ಕೆ. 1986ರಲ್ಲಿ ಮರಡೋನಾ ಇಂಗ್ಲೆಂಡ್ ವಿರುದ್ಧ ಕೈಯಿಂದ ಗೋಲು ಹೊಡೆದದ್ದನ್ನು ಜನ ಇನ್ನೂ ಮರೆತಿಲ್ಲ. ಆದರೆ ನಿಯಮ ನೀವು ಅಂದುಕೊಂಡಷ್ಟು ಬಿಗಿಯಾಗಿಲ್ಲ. ಆಕಸ್ಮಿಕವಾಗಿ ತಾಗಿದರೆ, ತಾಗಿಸಿಕೊಂಡ ಆಟಗಾರನೇ ನೇರವಾಗಿ ಅಥವಾ ಆ ಕೂಡಲೇ ಗೋಲು ಹೊಡೆದಾಗ ಮಾತ್ರ ರದ್ದು. ಅವನ ಕೈಗೆ ತಾಗಿದ ಚೆಂಡು ಜೊತೆಗಾರನಿಗೆ ಸಿಕ್ಕಿ ಅವನು ಹೊಡೆದರೆ ಗೋಲು ನಿಲ್ಲುತ್ತದೆ. 2021ರಿಂದ ಹೀಗೆ. ಬೇಕಂತಲೇ ತಾಗಿಸಿದ್ದರೆ ಮಾತ್ರ ಯಾರು ಹೊಡೆದರೂ ಗೋಲಿಲ್ಲ. 2009ರಲ್ಲಿ ಐರ್ಲೆಂಡ್ ವಿರುದ್ಧ ಫ್ರಾನ್ಸ್‌ನ ಥಿಯರಿ ಆನ್ರಿ ಕೈಯಲ್ಲಿ ಚೆಂಡು ಹಿಡಿತಕ್ಕೆ ತಂದು ಗೋಲು ಹೊಡೆಯಲು ಜೊತೆಗಾರ ಗಲಾಸ್‌ಗೆ ಕೊಟ್ಟರಲ್ಲ, ಅದು ಇವತ್ತಾಗಿದ್ದರೆ ವಿಎಆರ್‌ಗೆ ಸಿಕ್ಕಿಬೀಳುತ್ತಿತ್ತು.

ಪ್ರಶ್ನೆ: ಭುಜ ಕೈಯೇ?

ಅಲ್ಲ. ತೋಳನ್ನು ಮೈಗೆ ಒತ್ತಿಕೊಳ್ಳಿ. ಕಂಕುಳಿನ ಕೆಳತುದಿ ಎಲ್ಲಿದೆಯೋ ಅದರ ನೇರಕ್ಕೆ ಗೆರೆ. ಅದಕ್ಕಿಂತ ಮೇಲೆ ಭುಜ, ಕೆಳಗೆ ಕೈ. ಅಂಗಿಯ ತೋಳು ಎಷ್ಟು ಉದ್ದ ಎನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: 2010ರ ವಿಶ್ವಕಪ್‌ನಲ್ಲಿ ಉರುಗ್ವೆಯ ಸುವಾರೆಜ್ ಗೋಲು ಗೆರೆಯ ಮೇಲೆ ನಿಂತು ಕೈಯಿಂದ ಚೆಂಡು ತಡೆದರು. ಘಾನಾಗೆ ಸಿಕ್ಕಿದ್ದು ಬರೀ ಪೆನಾಲ್ಟಿ. ಗೋಲನ್ನೇ ಕೊಡಬಾರದಿತ್ತಾ?

ರೆಫರಿಗೆ ಆ ಅಧಿಕಾರವೇ ಇಲ್ಲ. ಚೆಂಡು ಪೂರ್ತಿಯಾಗಿ ಗೆರೆ ದಾಟದೆ ಫುಟ್‌ಬಾಲ್‌ನಲ್ಲಿ ಗೋಲಿಲ್ಲ. ಅವತ್ತು ನಿಯಮದ ಪ್ರಕಾರ ಎಲ್ಲವೂ ಸರಿಯಾಗಿಯೇ ನಡೆಯಿತು. ಸುವಾರೆಜ್‌ಗೆ ರೆಡ್ ಕಾರ್ಡ್, ಘಾನಾಗೆ ಪೆನಾಲ್ಟಿ. ಅಸಮೋವಾ ಗ್ಯಾನ್ ಒದ್ದ ಚೆಂಡು ಅಡ್ಡಪಟ್ಟಿಗೆ ಬಡಿಯಿತು, ಉರುಗ್ವೆ ಶೂಟೌಟ್‌ನಲ್ಲಿ ಗೆದ್ದಿತು. ಇಂಥ ಕಡೆ ಗೋಲನ್ನೇ ಕೊಡಬೇಕು ಎನ್ನುವ ವಾದದ ಕಡೆ ನನಗೂ ಒಲವಿದೆ. ಆದರೆ ಆಗ ‘ಖಂಡಿತ ಗೋಲಾಗುತ್ತಿತ್ತು’ ಎಂದು ರೆಫರಿಯೇ ಊಹಿಸಬೇಕಾಗುತ್ತದೆ. ಈಗಿರುವ ಜಗಳವೇ ಸಾಲದೇ?

ನಿಯಮ ಬದಲಾಗಿದ್ದು ಬೇರೆ ಕಡೆ. 2024ರಿಂದ, ಖಚಿತ ಗೋಲನ್ನು ಕೈಯಿಂದ ತಪ್ಪಿಸಿದ್ದು ಬೇಕಂತಲೇ ಅಲ್ಲದಿದ್ದರೆ, ಪೆನಾಲ್ಟಿಯ ಜೊತೆ ಹಳದಿ ಕಾರ್ಡ್ ಮಾತ್ರ. ಸುವಾರೆಜ್‌ಗೆ ಅದರಿಂದಲೂ ಉಪಯೋಗವಾಗುತ್ತಿರಲಿಲ್ಲ. ಗೋಲ್‌ಕೀಪರ್ ಥರ ಎರಡೂ ಕೈ ಎತ್ತಿ ತಳ್ಳಿದ್ದನ್ನು ಆಕಸ್ಮಿಕ ಎಂದು ಯಾರೂ ಒಪ್ಪುವುದಿಲ್ಲ.