ಪ್ಲಾಸ್ಟಿಕ್ ಕಾಳಿಗೆ ಅಂಟಿದ ವಿಷವನ್ನು ಕಂಡುಹಿಡಿಯುವುದು ಹೇಗೆ?

ಪ್ರಶ್ನೆ: ಮಲ್ಪೆಯ ಮರಳಿನಲ್ಲಿ ಸಾಬಕ್ಕಿಯಂಥ ಪ್ಲಾಸ್ಟಿಕ್ ಕಾಳುಗಳು ಸಿಗುತ್ತವೆ, ಕೆಲವು ಬಿಳಿ, ಕೆಲವು ಹಳದಿ. ಇವು ಸಮುದ್ರದ ವಿಷವನ್ನು ಹೊತ್ತು ತರುತ್ತವೆ ಎನ್ನುತ್ತಾರೆ. ಅದನ್ನು ಪತ್ತೆ ಹಚ್ಚುವುದು ಹೇಗೆ?
– ಓದುಗರೊಬ್ಬರು, ಉಡುಪಿ

ಉತ್ತರ: ನೀವು ಬಣ್ಣವನ್ನು ಗಮನಿಸಿದ್ದು ಒಳ್ಳೆಯದಾಯಿತು, ಪರೀಕ್ಷೆ ಶುರುವಾಗುವುದೇ ಅಲ್ಲಿಂದ. ಅವು ಕೊಡ, ಬಕೆಟ್‌ಗಳನ್ನು ಅಚ್ಚು ಹಾಕುವ ಕಾರ್ಖಾನೆಗಳಿಗೆ ಹೋಗಬೇಕಿದ್ದ ಕಚ್ಚಾ ಪ್ಲಾಸ್ಟಿಕ್ ಕಾಳುಗಳು. ಹಿಂದೆ ವಿದ್ಯುತ್ ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಬಳಸುತ್ತಿದ್ದ ಪಿಸಿಬಿ, ಕೀಟನಾಶಕವಾದ ಡಿಡಿಟಿಯಂಥ ರಾಸಾಯನಿಕಗಳು ನೀರಿನಲ್ಲಿ ಕರಗುವುದು ಅತ್ಯಲ್ಪ. ಜಿಡ್ಡಿನ ಸ್ವಭಾವದ ಪಾಲಿಥೀನ್ ಸಿಕ್ಕಿದರೆ ಅವು ನೀರನ್ನು ಬಿಟ್ಟು ಅದಕ್ಕೆ ಅಂಟಿಕೊಳ್ಳುತ್ತವೆ. ಟೋಕಿಯೊ ಕೃಷಿ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಹಿದೆಶಿಗೆ ತಕಾಡ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ಕಾಳುಗಳಲ್ಲಿ ಈ ರಾಸಾಯನಿಕಗಳ ಸಾಂದ್ರತೆ ಸುತ್ತಲಿನ ಸಮುದ್ರನೀರಿಗಿಂತ ಹತ್ತು ಲಕ್ಷ ಪಟ್ಟಿನವರೆಗೂ ಹೆಚ್ಚಿರಬಹುದೆಂದು ಕಂಡುಬಂತು. 2005ರಲ್ಲಿ ಅವರು 'ಇಂಟರ್‌ನ್ಯಾಷನಲ್ ಪೆಲೆಟ್ ವಾಚ್' ಯೋಜನೆ ಆರಂಭಿಸಿ, ಜಗತ್ತಿನ ನಾನಾ ಕಡಲತೀರಗಳ ಜನ ಅಂಚೆಯಲ್ಲಿ ಕಳುಹಿಸಿದ ಕಾಳುಗಳನ್ನು ಪರೀಕ್ಷಿಸತೊಡಗಿದರು.

ಇಲ್ಲಿ ಎರಡು ಪ್ರಶ್ನೆಗಳನ್ನು ಬೇರೆಯಾಗಿಯೇ ಇಟ್ಟುಕೊಳ್ಳಬೇಕು. ಕಾಳು ಯಾವ ಪ್ಲಾಸ್ಟಿಕ್ಕಿನದು ಎಂಬುದನ್ನು ಅವಗೆಂಪು ಕಿರಣದ ಉಪಕರಣ ಕ್ಷಣದಲ್ಲಿ ಹೇಳುತ್ತದೆ. ಆದರೆ ಅದಕ್ಕೆ ಅಂಟಿದ ವಿಷ ಒಂದು ಗ್ರಾಂ ಕಾಳಿನಲ್ಲಿ ನ್ಯಾನೋಗ್ರಾಂಗಳಷ್ಟಿರುವುದರಿಂದ (ಒಂದು ನ್ಯಾನೋಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲೊಂದು ಭಾಗ) ಆ ಉಪಕರಣಕ್ಕೆ ಅದು ಕಾಣುವುದೇ ಇಲ್ಲ. ಆದ್ದರಿಂದ ಆ ಉಪಕರಣದಿಂದ ಪಾಲಿಥೀನ್ ಕಾಳುಗಳನ್ನಷ್ಟೇ ಬೇರ್ಪಡಿಸಿ, ಅವುಗಳಲ್ಲೂ ಹಳದಿಗಟ್ಟಿದವನ್ನು ಆರಿಸುತ್ತಾರೆ, ಏಕೆಂದರೆ ಹೆಚ್ಚು ಕಾಲ ಹೊರಗಿದ್ದು ಬಣ್ಣಗೆಟ್ಟ ಕಾಳು ಸಾಮಾನ್ಯವಾಗಿ ಹೆಚ್ಚು ವಿಷವನ್ನು ಹೀರಿರುತ್ತದೆ. ಅವನ್ನು ಹೆಕ್ಸೇನ್ ದ್ರಾವಕದಲ್ಲಿ ನೆನೆಸಿಟ್ಟರೆ ವಿಷ ದ್ರಾವಕಕ್ಕೆ ಇಳಿಯುತ್ತದೆ. ಆ ದ್ರಾವಕವನ್ನು ಸಿಲಿಕಾ ಜೆಲ್ ತುಂಬಿದ ಗಾಜಿನ ಕೊಳವೆಯಲ್ಲಿ ಹಾಯಿಸಿ ಶುದ್ಧಮಾಡಿ, ಮಿಶ್ರಣದ ರಾಸಾಯನಿಕಗಳನ್ನು ಬೇರೆಬೇರೆ ಮಾಡುವ ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಯಂತ್ರಕ್ಕೆ ಕೊಡುತ್ತಾರೆ. ಅದರ ಕೂದಲೆಳೆಯಷ್ಟು ಸಪೂರವಾದ ಉದ್ದನೆಯ ಕೊಳವೆಯಿಂದ ಒಂದೊಂದು ರಾಸಾಯನಿಕವೂ ತನ್ನದೇ ಹೊತ್ತಿಗೆ ಹೊರಬೀಳುತ್ತದೆ, ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಅದರ ಗುರುತು ಹಿಡಿಯುತ್ತದೆ. ಜೊತೆಗೆ ಕಾಳಿಲ್ಲದ ಬರಿಯ ದ್ರಾವಕವನ್ನೂ ಇದೇ ದಾರಿಯಲ್ಲಿ ಪರೀಕ್ಷಿಸದಿದ್ದರೆ ಆ ಲೆಕ್ಕವನ್ನು ನಾನಂತೂ ನಂಬಲಾರೆ. ಸಿಕ್ಕ ವಿಷ ಪ್ರಯೋಗಾಲಯದ್ದೇ ಆಗಿರಬಹುದು.

2025ರ ಮೇ ತಿಂಗಳಲ್ಲಿ ಕೊಚ್ಚಿಯ ಬಳಿ ಮುಳುಗಿದ 'ಎಂಎಸ್‌ಸಿ ಎಲ್ಸಾ 3' ಹಡಗಿನಿಂದ ಕೇರಳದ ದಡಕ್ಕೆ ಬಂದಂಥ ಹೊಸ ಬಿಳಿ ಕಾಳುಗಳಲ್ಲಿ ಹೀರಿದ ವಿಷ ಕಡಿಮೆಯಿರಬಹುದಾದರೂ, ಕಡಲಿನಲ್ಲೇ ಉಳಿದವು ವರ್ಷಗಟ್ಟಲೆ ಅದನ್ನು ಕೂಡಿಸಿಕೊಳ್ಳುತ್ತಲೇ ಹೋಗುತ್ತವೆ.

ನೀವು ಮಾದರಿ ಸಂಗ್ರಹಿಸುವುದಾದರೆ ಸ್ಟೀಲಿನ ಚಿಮಟದಿಂದ ನೂರಾದರೂ ಕಾಳುಗಳನ್ನು ಹೆಕ್ಕಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕದೆ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಸ್ಥಳ ಮತ್ತು ದಿನಾಂಕವನ್ನು ಕಾಗದದ ಲಕೋಟೆಯ ಮೇಲೆ ಬರೆದಿಡಿ.